ಜೇಡ್ ಬಳ್ಳಿಯಲ್ಲಿ ಹೂವಿನ ಜಡೆ ಇಳಿಯಬೇಕಾದರೆ

ಬೇಸಿಗೆ ಕಾಲಿಡುವ ಹೊತ್ತಿಗೆ ಮೊಬೈಲಿನಿಂದ ಮೊಬೈಲಿಗೆ ಒಂದು ಫೋಟೊ ಓಡಾಡತೊಡಗುತ್ತದೆ. ಚಪ್ಪರದಿಂದ ಮೊಗ್ಗಿನ ಜಡೆಯ ಹಾಗೆ ಇಳಿಬಿದ್ದ ಹೂಗೊಂಚಲು. ಬಣ್ಣ ನವಿಲಿನ ಕುತ್ತಿಗೆಯಿಂದ ಕದ್ದದ್ದೋ ಎಂಬಂತೆ, ಅತ್ತ ನೀಲಿಯೂ ಅಲ್ಲ, ಇತ್ತ ಹಸಿರೂ ಅಲ್ಲ. ನೋಡಿದವರ ಮೊದಲ ಪ್ರಶ್ನೆ, ಇದು ನಿಜವಾದ ಹೂವೋ ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದೋ ಎಂದು. ನಿಜವಾದದ್ದೇ. ಹೆಸರು ಜೇಡ್ ವೈನ್. ಜೇಡ್ ಎಂಬ ಹಸಿರು ಹರಳುಕಲ್ಲಿನ ಬಣ್ಣವಿದೆ ಎಂದು ಆ ಹೆಸರು. ಎರಡನೆಯ ಪ್ರಶ್ನೆ, ನಮ್ಮ ಮನೆಯಲ್ಲಿ ಬರುತ್ತದೆಯೇ? ಅದು ಊರಿನ ಮೇಲೆ ಹೋಗುತ್ತದೆ. ಮೂರನೆಯದು ಗಿಡ ತಂದು ಮೂರು ವರ್ಷ ಕಳೆದವರ ಪ್ರಶ್ನೆ: ಬಳ್ಳಿ ಮಾಡಿನ ತನಕ ಹಬ್ಬಿದೆ, ಒಂದು ಹೂವೂ ಇಲ್ಲ, ಏಕೆ?

ಮೂರನೆಯ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಮಣ್ಣಿನಲ್ಲೂ ಇಲ್ಲ, ಗೊಬ್ಬರದಲ್ಲೂ ಇಲ್ಲ. ಮನೆಯವರ ಕೈಯಲ್ಲಿರುವ ಕತ್ತರಿಯಲ್ಲಿದೆ. ಅದು ಅರ್ಥವಾಗಬೇಕಾದರೆ ಈ ಬಳ್ಳಿ ಎಲ್ಲಿಂದ ಬಂದದ್ದು, ಅಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ಮೊದಲು ನೋಡಬೇಕು.

ಅವರೆಯ ನೆಂಟ, ಫಿಲಿಪೀನ್ಸಿನ ಕಾಡಿನವನು

ಜೇಡ್ ಬಳ್ಳಿಯ ಸಸ್ಯಶಾಸ್ತ್ರೀಯ ಹೆಸರು ಸ್ಟ್ರಾಂಗೈಲೋಡಾನ್ ಮ್ಯಾಕ್ರೋಬೋಟ್ರಿಸ್. ಮ್ಯಾಕ್ರೋಬೋಟ್ರಿಸ್ ಎಂದರೆ ಗ್ರೀಕಿನಲ್ಲಿ ಉದ್ದ ದ್ರಾಕ್ಷಿಗೊಂಚಲು. ಅವರೆ, ತೊಗರಿ, ಮುತ್ತುಗ ಇವೆಲ್ಲ ಸೇರಿರುವ ದ್ವಿದಳ ಧಾನ್ಯದ ಕುಟುಂಬವೇ ಇದರದೂ. ಮುತ್ತುಗದ ಹೂವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಜೇಡ್ ಹೂವಿನ ರೂಪ ಹೊಸದಲ್ಲ. ಅದೇ ಗಿಳಿಮೂತಿ, ಅದೇ ಹಿಂದಕ್ಕೆ ಮಡಚಿದ ಅಗಲ ದಳ. ಎಲೆಯೂ ಹಾಗೆಯೇ, ಒಂದು ತೊಟ್ಟಿಗೆ ಮೂರು. ಎಳೆಯ ಎಲೆ ಮಾತ್ರ ತಾಮ್ರದ ಬಣ್ಣಕ್ಕಿದ್ದು ಬಲಿತ ಮೇಲೆ ಹಸಿರಾಗುತ್ತದೆ.

ತವರು ಫಿಲಿಪೀನ್ಸ್. ಅಲ್ಲಿನ ಲೂಜಾನ್, ಮಿಂಡೋರೊ, ಕ್ಯಾಟಂಡುವಾನೆಸ್ ದ್ವೀಪಗಳ ಮಳೆಕಾಡು ಬಿಟ್ಟರೆ ಇನ್ನೆಲ್ಲೂ ತಾನಾಗಿ ಹುಟ್ಟಿದ ಗಿಡವಿಲ್ಲ. ಅಲ್ಲಿಯವರು ತಾಯಾಬಾಕ್ ಎನ್ನುತ್ತಾರೆ. ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ 1854ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಕಾಡು ಕಡಿದದ್ದರಿಂದ ನೆಲೆ ಕಿರಿದಾಗಿ, ಅಂತರರಾಷ್ಟ್ರೀಯ ಸಂರಕ್ಷಣಾ ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಸಸ್ಯಗಳ ಸಾಲಿಗೆ ಸೇರಿದೆ. ನಮ್ಮ ನರ್ಸರಿಗಳಲ್ಲಿ ಸಿಗುವುದು ಕಾಡಿನಿಂದ ಕಿತ್ತದ್ದಲ್ಲ, ಬೆಳೆಸಿದ ಬಳ್ಳಿಗಳಿಂದಲೇ ಕಡ್ಡಿ ನೆಟ್ಟೋ, ಗೂಟಿ ಕಟ್ಟಿಯೋ (ಅಂದರೆ ಕೊಂಬೆ ಬಳ್ಳಿಯಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ) ಮಾಡಿದ ಗಿಡ. ಹಾಗಾಗಿ ತರಲು ಅಳುಕಬೇಕಿಲ್ಲ.

ಕಾಡಿನಲ್ಲಿ ಇದು ಬೆಳೆಯುವ ಜಾಗ ತೊರೆ, ಹಳ್ಳಗಳ ದಂಡೆ. ಬೇರು ತಂಪಾದ, ತರಗೆಲೆ ಕೊಳೆತ, ಆದರೆ ನೀರು ನಿಲ್ಲದ ಮಣ್ಣಿನಲ್ಲಿರುತ್ತದೆ. ಕುಡಿ ಮರ ಹತ್ತಿ ಬಿಸಿಲು ಹುಡುಕಿಕೊಂಡು 18–20 ಮೀಟರ್ ಎತ್ತರಕ್ಕೆ ಹೋಗುತ್ತದೆ. ಬುಡದಿಂದ ಮೇಲಿನ ತನಕ ನಡುವೆ ಉಳಿಯುವುದು ಎಲೆಯಿಲ್ಲದ, ಹಗ್ಗದಂಥ ಹಳೆ ಕಾಂಡ. ಈ ಚಿತ್ರ ನೆನಪಿನಲ್ಲಿರಲಿ, ಮುಂದಿನ ಎಲ್ಲ ಸಲಹೆಯೂ ಇದರಿಂದಲೇ ಹುಟ್ಟುವುದು.

ಆ ಬಣ್ಣ ಎಲ್ಲಿಂದ?

ಹೂವಿನ ಲೋಕದಲ್ಲಿ ಈ ನೀಲಿ-ಹಸಿರು ಬಲು ಅಪರೂಪ. ವಿಚಿತ್ರವೆಂದರೆ ಹೂವಿನೊಳಗೆ ಅಂಥ ಬಣ್ಣದ ಪದಾರ್ಥವೇ ಇಲ್ಲ. ಅಲ್ಲಿರುವುದು ಎರಡು: ಒಂದು ಮಾಲ್ವಿನ್, ಕಪ್ಪು ದ್ರಾಕ್ಷಿಯ ಸಿಪ್ಪೆಗೆ ಬಣ್ಣ ಕೊಡುವ ದ್ರವ್ಯದ ಹತ್ತಿರದ ಸಂಬಂಧಿ. ಇನ್ನೊಂದು ಸಪೋನಾರಿನ್, ಬಣ್ಣ ಬಹುಮಟ್ಟಿಗೆ ಇಲ್ಲದ್ದು. ಒಂದು ಪಾಲು ಮಾಲ್ವಿನ್‌ಗೆ ಸುಮಾರು ಒಂಬತ್ತು ಪಾಲು ಸಪೋನಾರಿನ್.

ಆರತಿಯ ಓಕುಳಿ ಮಾಡುವುದನ್ನು ನೆನೆಯಿರಿ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೊಡನೆ ಹಳದಿ ಹೋಗಿ ಕೆಂಪಾಗುತ್ತದೆ. ಅರಿಸಿನ ಬದಲಾಗಲಿಲ್ಲ, ಅದರ ಸುತ್ತಲಿನ ನೀರು ಕ್ಷಾರವಾಯಿತು, ಅಷ್ಟೆ. ಜೇಡ್ ಹೂವಿನಲ್ಲಿ ನಡೆಯುವುದೂ ಇದೇ ಬಗೆಯದು. ದಳದ ಹೊರಪದರದ ಜೀವಕೋಶಗಳ ರಸ ಕ್ಷಾರೀಯ, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 7.9ರ ಸುಮಾರು. ಅದೇ ದಳದ ಒಳಪದರ 5.6, ಅಂದರೆ ಹುಳಿಯ ಕಡೆಗೆ. ಹೊರಪದರದ ಕ್ಷಾರದಲ್ಲಿ ಮಾಲ್ವಿನ್ ನೀಲಿಗೆ ತಿರುಗುತ್ತದೆ, ಸಪೋನಾರಿನ್ ಹಳದಿ ಬಿಡುತ್ತದೆ. ನೀಲಿಯೂ ಹಳದಿಯೂ ಸೇರಿದಾಗ ನಮ್ಮ ಕಣ್ಣಿಗೆ ಬೀಳುವುದು ಈ ಬಣ್ಣ. ಉದುರಿದ ಹೂ ಬಾಡುತ್ತ ನೇರಳೆಗೆ ತಿರುಗುವುದನ್ನು ನೆಲದ ಮೇಲೆ ನೋಡಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ಹುಟ್ಟುತ್ತದೆ. ಮಡಿಕೇರಿ, ಊಟಿ ಕಡೆಯ ತೋಟಗಳಲ್ಲಿ ಕಾಣುವ ಹೈಡ್ರೇಂಜಿಯಾ ಹೂವಿನ ಬಣ್ಣ ಮಣ್ಣಿನ ಹುಳಿಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ನೋಡಿ ಜೇಡ್ ಬುಡಕ್ಕೂ ಸುಣ್ಣ ಸುರಿದರೆ ಬಣ್ಣ ಇನ್ನೂ ಗಾಢವಾಗಬಹುದು ಎಂದುಕೊಳ್ಳುವವರಿದ್ದಾರೆ. ಆಗುವುದಿಲ್ಲ. ದಳದ ರಸದ ಕ್ಷಾರವನ್ನು ಗಿಡ ತಾನೇ ಒಳಗೊಳಗೆ ಕಾಯ್ದುಕೊಳ್ಳುತ್ತದೆ. ಸುಣ್ಣ ಸುರಿದರೆ ಹಳದಿಯಾಗುವುದು ಎಲೆ ಮಾತ್ರ.

ನಿಮ್ಮ ಊರಿಗೆ ಒಗ್ಗುತ್ತದೆಯೇ

ಈ ಬಳ್ಳಿಗೆ ಚಳಿ ಆಗದು. 15 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಉಳಿದರೆ ಬೆಳವಣಿಗೆ ನಿಂತು ಎಲೆ ಉದುರುತ್ತದೆ. ಒಣ ಗಾಳಿಯೂ ಆಗದು.

ಕರಾವಳಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಂಗಳೂರು, ಉಡುಪಿ, ಕಾರವಾರದಲ್ಲಿ ಚಳಿಯಿಲ್ಲ, ಗಾಳಿಯಲ್ಲಿ ತೇವವಿದೆ, ಮುರಕಲ್ಲು ಮಣ್ಣು ತುಸು ಹುಳಿ. ಅಲ್ಲಿನ ತೊಂದರೆ ಜೂನ್‌ನಿಂದ ಸೆಪ್ಟೆಂಬರಿನ ಮಳೆ ಒಂದೇ. ಮಲೆನಾಡಿನ ತಗ್ಗು ಪ್ರದೇಶ, ಅಂದರೆ ಅಡಿಕೆ, ಕಾಳುಮೆಣಸು ಚೆನ್ನಾಗಿ ಬರುವ ಕಡೆ ಇದೂ ಬರುತ್ತದೆ. ಕಾಳುಮೆಣಸು ನಿಮ್ಮಲ್ಲಿ ಹೇಗಿದೆ ಎಂದು ನೋಡಿ ಅಂದಾಜು ಮಾಡುವುದು ಒಳ್ಳೆಯ ಅಳತೆ. ಮಡಿಕೇರಿಯಂಥ ಎತ್ತರದ ಕಡೆ ಚಳಿಗಾಲದಲ್ಲಿ ತಡೆದು ನಿಲ್ಲುತ್ತದೆ, ಹೂವೂ ತಡ. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್-ಜನವರಿ ರಾತ್ರಿಗಳು 15 ಡಿಗ್ರಿಯ ಆಸುಪಾಸು ಇರುವುದರಿಂದ ಬಲಿತ ಬಳ್ಳಿ ತಾಳಿಕೊಳ್ಳುತ್ತದೆ, ಎಳೆ ಗಿಡಕ್ಕೆ ಮೊದಲ ಎರಡು ಚಳಿಗಾಲ ಗೋಡೆಯ ಮರೆ ಬೇಕು. ಪಶ್ಚಿಮ ಅಥವಾ ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಹಗಲಿನ ಬಿಸಿಯನ್ನು ರಾತ್ರಿ ಬಿಡುತ್ತದೆ, ಗಿಡಕ್ಕೆ ಅಷ್ಟು ಸಾಕು, ಬುಡಕ್ಕೆ ಮಾತ್ರ ನೆರಳಿರಲಿ.

ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಕಷ್ಟ. ಹೂ ಬಿಡಬೇಕಾದ ಹೊತ್ತಿಗೇ ಬಿಸಿಲು 40 ಡಿಗ್ರಿ ದಾಟಿ ಒಣಗಾಳಿ ಬೀಸುತ್ತದೆ, ಮೊಗ್ಗು ಕರಕಲಾಗಿ ಉದುರುತ್ತವೆ. ಎರೆ ಮಣ್ಣು ಬೇರೆ ಕ್ಷಾರದ್ದು, ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳುವಂಥದ್ದು. ನೆರಳುಪರದೆ, ಏರುಮಡಿ, ದಿನಕ್ಕೆ ಎರಡು ಬಾರಿ ನೀರು ಚಿಮುಕಿಸುವ ವ್ಯವಸ್ಥೆ ಇದ್ದರೆ ಬದುಕಿಸಬಹುದು. ಅಷ್ಟು ಹೆಣಗಾಟಕ್ಕಿಂತ ಆ ಸೀಮೆಗೆ ಒಗ್ಗುವ ಬೇರೆ ಬಳ್ಳಿ ಹಾಕುವುದೇ ಮೇಲು.

ಕೊಳ್ಳುವಾಗ: ಬೀಜದ ಪೊಟ್ಟಣವನ್ನು ನಂಬಬೇಡಿ

ಆನ್‌ಲೈನಿನಲ್ಲಿ ಜೇಡ್ ಬಳ್ಳಿಯ ಬೀಜವೆಂದು ಪೊಟ್ಟಣ ಮಾರುತ್ತಾರೆ. ಇದು ಏಕೆ ಮೋಸವೆಂದು ತಿಳಿಯಲು ಒಂದು ಸಂಗತಿ ಸಾಕು. ಅವರೆ, ತೊಗರಿ ಬೀಜದಂತೆ ಇದನ್ನು ಒಣಗಿಸಿ ಡಬ್ಬಿಯಲ್ಲಿ ಇಡುವ ಹಾಗಿಲ್ಲ. ಹಲಸಿನ ಬೀಜದ ಹಾಗೆ ಇದು ಹಸಿಯಾಗಿದ್ದಾಗ ಮಾತ್ರ ಜೀವಂತ, ಕಾಯಿಂದ ತೆಗೆದ ಎರಡು ವಾರದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬೇಸಾಯದ ಬಳ್ಳಿಗಳಲ್ಲಿ ಕಾಯಿ ಕಚ್ಚುವುದೇ ಅಪರೂಪ. ಹೀಗಿರುವಾಗ ವರ್ಷವಿಡೀ, ನೂರು ಬೀಜದ ಪೊಟ್ಟಣ, ಮೇಲೆ ರಿಯಾಯಿತಿ ಎಂದರೆ ಒಳಗಿರುವುದು ಬೇರೆ ಯಾವುದೋ ಬೀಜ.

ಇನ್ನೊಂದು ಗೊಂದಲ 'ಕೆಂಪು ಜೇಡ್'. ಆ ಹೆಸರಿನಲ್ಲಿ ಸಿಗುವ ಬೆಂಕಿಗೆಂಪು ಹೂವಿನ ಬಳ್ಳಿ ನಿಜಕ್ಕೂ ಜೇಡ್ ಅಲ್ಲ, ನ್ಯೂ ಗಿನಿ ದ್ವೀಪದ ಮ್ಯುಕುನಾ. ಮೈಗೆ ತಾಗಿದರೆ ನವೆ ಎಬ್ಬಿಸುವ ನಮ್ಮ ನಸುಗುನ್ನಿಯ ಜಾತಿ ಅದು. ಚಂದದ ಬಳ್ಳಿಯೇ, ಆರೈಕೆಯೂ ಬಹುಪಾಲು ಹೀಗೆಯೇ. ಆದರೆ ನೀಲಿ ಹೂವಿಗೆಂದು ಕಾಯುತ್ತ ಕೂತವರಿಗೆ ನಾಲ್ಕನೇ ವರ್ಷ ಕೆಂಪು ಕಂಡರೆ ಹೇಗಾದೀತು.

ಇನ್ನು, ಹೂಜಡೆ ತೂಗಬೇಕು, ಆದರೆ ಇಷ್ಟು ತಾಪತ್ರಯ ಬೇಡ ಎನ್ನುವವರಿಗೆ ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿಯೊಂದಿದೆ, ಥನ್‌ಬರ್ಜಿಯಾ ಮೈಸೊರೆನ್ಸಿಸ್. ಹೆಸರಿನಲ್ಲೇ ಮೈಸೂರಿದೆ. ಹಳದಿ-ಕೆಂಗಂದು ಹೂ ಸರದಂತೆ ಇಳಿಯುತ್ತದೆ, ಸೂರಕ್ಕಿಗಳು ಮುತ್ತುತ್ತವೆ, ಬೆಂಗಳೂರಿನ ಚಳಿಯನ್ನು ಜೇಡ್‌ಗಿಂತ ಚೆನ್ನಾಗಿ ತಾಳುತ್ತದೆ.

ಜೇಡ್ ಗಿಡ ಕೊಳ್ಳುವುದಾದರೆ ಗೂಟಿ ಅಥವಾ ಕಡ್ಡಿಯಿಂದ ಮಾಡಿದ್ದನ್ನೇ ಕೊಳ್ಳಿ, ತಾಯಿಬಳ್ಳಿಯ ಹೂ ನೋಡಿ ಕೊಂಡರೆ ಇನ್ನೂ ಒಳ್ಳೆಯದು. ಎತ್ತರ ನೋಡಬೇಡಿ. ಒಂದೂವರೆ ಅಡಿಯ, ಬುಡ ಪೆನ್ಸಿಲ್‌ಗಿಂತ ದಪ್ಪವಿರುವ, ಕನಿಷ್ಠ ಎರಡು ಜೊತೆ ಹೊಸ ಎಲೆ ಬಿಟ್ಟಿರುವ ಗಿಡ ಆರಡಿಯ ಸಪೂರ ಬಳ್ಳಿಗಿಂತ ಮೇಲು. ಬುಡ ಹಿಡಿದು ಮೆಲ್ಲಗೆ ಅಲುಗಾಡಿಸಿ. ಮಣ್ಣಿನಲ್ಲಿ ಸಡಿಲವಾಗಿ ಆಡಿದರೆ ಬೇರು ಇನ್ನೂ ಹಿಡಿದಿಲ್ಲ ಎಂದರ್ಥ.

ನೆಡುವುದು: ಕಾಲಿಗೆ ತಂಪು, ತಲೆಗೆ ಬಿಸಿಲು

ಜಾಗ ಆರಿಸುವಾಗ ಬುಡಕ್ಕೂ ತುದಿಗೂ ಬೇರೆ ಬೇರೆ ಲೆಕ್ಕ. ಬುಡದ ಮೇಲೆ ಮಧ್ಯಾಹ್ನದ ಬಿಸಿಲು ಬೀಳಬಾರದು. ಚಪ್ಪರದ ಮೇಲಿನ ಭಾಗಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗಲೇಬೇಕು. ಬಾವಿಕಟ್ಟೆಯ ಪಕ್ಕ, ಮನೆಯ ಪೂರ್ವದ ಗೋಡೆಯ ಬುಡ, ತೆಂಗಿನ ಮರಗಳ ನಡುವಣ ಜಾಗ, ಇಂಥವು ಸರಿ.

ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಯಿರಿ. ತೆಗೆದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ಅರ್ಧ ಗಂಟೆಯಲ್ಲಿ ಇಂಗಿದರೆ ಸರಿ. ಎರಡು ಗಂಟೆಯಾದರೂ ನಿಂತಿದ್ದರೆ ಅದು ಗುಂಡಿಯಲ್ಲ, ಮಳೆಗಾಲದ ಕೆರೆ. ಅಂಥಲ್ಲಿ ಗುಂಡಿ ಬಿಟ್ಟು ನೆಲದ ಮೇಲೆ ಒಂದೂವರೆ ಅಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಅಂಥ ಊರುಗಳಲ್ಲಿ ಪರೀಕ್ಷೆಯೇ ಬೇಡ, ನೇರ ದಿಬ್ಬ.

ತುಂಬುವ ಮಿಶ್ರಣ: ಎರಡು ಪಾಲು ಮೇಲ್ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು, ತೊಳೆದ ತೆಂಗಿನ ನಾರಿನ ಪುಡಿ ಅರ್ಧ ಪಾಲು. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ಮೇಲೆ ಒಂದು ಹಿಡಿ ಎಲುಬಿನ ಪುಡಿ, ಎರಡು ಹಿಡಿ ಬೇವಿನ ಹಿಂಡಿ.

ಗಿಡದ ಪ್ಲಾಸ್ಟಿಕ್ ಚೀಲವನ್ನು ಎಳೆದು ತೆಗೆಯಬಾರದು. ಬ್ಲೇಡಿನಿಂದ ತಳ ಕತ್ತರಿಸಿ, ಗುಂಡಿಯಲ್ಲಿ ಇಟ್ಟು, ಪಕ್ಕ ಸೀಳಿ ಮೇಲಕ್ಕೆ ಎತ್ತಿ. ಈ ಬಳ್ಳಿಯ ಬೇರು ಕದಲಿಸಿದರೆ ತಿಂಗಳುಗಟ್ಟಲೆ ಮುನಿಸಿಕೊಂಡು ಕೂರುತ್ತದೆ. ಚೀಲದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ನೆಲದಲ್ಲೂ ಅಲ್ಲಿಗೇ ಇರಲಿ, ಕಾಂಡ ಹೂಳಬೇಡಿ. ಬುಡದ ಸುತ್ತ ನಾಲ್ಕು ಇಂಚು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಬಯಲುಸೀಮೆಯಲ್ಲಿ ಮುಂಗಾರಿನ ಆರಂಭಕ್ಕೆ ನೆಡಬಹುದು. ಕರಾವಳಿ, ಮಲೆನಾಡಿನಲ್ಲಿ ಜಡಿಮಳೆ ಕಳೆದ ಸೆಪ್ಟೆಂಬರ್ ಒಳ್ಳೆಯದು.

ನೆಟ್ಟ ಮೂರರಿಂದ ಆರು ತಿಂಗಳು ಏನೂ ಆಗದಂತೆ ಕಾಣುತ್ತದೆ. ಕೆಳಗೆ ಬೇರು ಇಳಿಯುತ್ತಿರುತ್ತದೆ. ಆಮೇಲೆ ಒಮ್ಮೆಲೇ ಎಲೆಯಿಲ್ಲದ, ಚಾವಟಿಯಂಥ ಕುಡಿಗಳು ಹೊರಟು ಗಾಳಿಯಲ್ಲಿ ಆಸರೆ ಹುಡುಕತೊಡಗುತ್ತವೆ. ಬಹಳ ಮಂದಿ ಇವನ್ನು ಬರಡು ಚಿಗುರು ಎಂದು ಚಿವುಟುತ್ತಾರೆ. ಮುಂದೆ ಚಪ್ಪರ ತುಂಬುವುದು ಅವೇ. ಸುತ್ತಲು ಹಗ್ಗ, ಗಳ ಕೊಡಿ, ಚಿವುಟಬೇಡಿ.

ಮಹಡಿಯ ಮೇಲೆ ಕುಂಡದಲ್ಲಿ ಬೆಳೆಸುವವರಿಗೆ: 200 ಲೀಟರ್ ಡ್ರಮ್ಮನ್ನು ಅರ್ಧ ಮಾಡಿದಷ್ಟಾದರೂ ಬೇಕು. ತಳದಲ್ಲಿ ಬೆರಳು ತೂರುವಂಥ ಎಂಟ್ಹತ್ತು ತೂತು. ಬಿಸಿಲಿಗೆ ಪ್ಲಾಸ್ಟಿಕ್ ಕಾದು ಬೇರು ಬೇಯುವುದರಿಂದ ಡ್ರಮ್ಮಿಗೆ ಗೋಣಿಚೀಲ ಸುತ್ತಿ, ಅದನ್ನೂ ಒದ್ದೆಯಾಗಿಡಬೇಕು. ಕುಂಡದಲ್ಲಿ ಹೂ ಬರುತ್ತದೆ, ಆದರೆ ನೆಲದ ಬಳ್ಳಿಯ ಹತ್ತರಲ್ಲೊಂದು ಪಾಲು.

ಚಪ್ಪರ

ದಾರ, ಬಿದಿರು ಕಡ್ಡಿ ಎರಡು ವರ್ಷಕ್ಕೆ ಸಾಕು. ಆಮೇಲೆ ಬಳ್ಳಿಯ ಭಾರ, ಮಳೆಗೆ ಒದ್ದೆಯಾದ ಎಲೆಯ ಭಾರ, ಗಾಳಿಯ ಎಳೆತ ಎಲ್ಲ ಸೇರಿ ಹಂದರವೇ ಕುಸಿಯುತ್ತದೆ. ಎರಡಿಂಚಿನ ಜಿಐ ಪೈಪಿನ ಕಂಬ, ಎರಡಡಿ ಆಳಕ್ಕೆ ಕಾಂಕ್ರೀಟು, ಮೇಲೆ ಒಂದಡಿಗೊಂದು ಅಡ್ಡಪಟ್ಟಿ, ಇಷ್ಟನ್ನು ಮೊದಲೇ ಮಾಡಿಟ್ಟರೆ ಮುಂದೆ ಬಳ್ಳಿ ಕಿತ್ತು ಚಪ್ಪರ ಕಟ್ಟುವ ಫಜೀತಿ ಇಲ್ಲ. ಸಣ್ಣ ಕಣ್ಣಿನ ಜಾಲರಿ ಹಾಕಬೇಡಿ. ಮೇಲುಗಡೆ ಮೂಡಿದ ಗೊಂಚಲು ಕೆಳಗಿಳಿಯಲಾಗದೆ ಜಾಲರಿಯ ಮೇಲೇ ಮಲಗಿ ಕೊಳೆಯುತ್ತದೆ.

ಎತ್ತರದ ವಿಷಯಕ್ಕೆ ಜಿಪುಣತನ ಸಲ್ಲದು. ಗೊಂಚಲು ಸಾಮಾನ್ಯವಾಗಿ ಎರಡು-ಮೂರು ಅಡಿ ಇಳಿಯುತ್ತದೆ. ತವರಿನ ಕಾಡಿನಲ್ಲಿ ಮೂರು ಮೀಟರ್ ತನಕ ಇಳಿದದ್ದೂ ಇದೆ, ಒಂದರಲ್ಲಿ 75ಕ್ಕೂ ಹೆಚ್ಚು ಹೂ. ಏಳಡಿ ಚಪ್ಪರದ ಕೆಳಗೆ ನಡೆದರೆ ಹೂವೆಲ್ಲ ತಲೆಗೆ ತಾಗಿ ಉದುರುತ್ತದೆ. ಹತ್ತಡಿ ಇರಲಿ.

ನೀರು, ಗೊಬ್ಬರ

ಎಳೆ ಗಿಡಕ್ಕೆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಐದಾರು ಲೀಟರ್. ಮೂರು ವರ್ಷ ದಾಟಿದ ಬಳ್ಳಿಗೆ ವಾರಕ್ಕೆ ಎರಡು ಬಾರಿ ಇಪ್ಪತ್ತು-ಮೂವತ್ತು ಲೀಟರ್, ಬುಡಕ್ಕಲ್ಲ, ಬುಡದಿಂದ ಎರಡಡಿ ದೂರದ ಪಾತಿಗೆ. ಲೆಕ್ಕಕ್ಕಿಂತ ಬೆರಳು ದೊಡ್ಡದು. ತರಗೆಲೆ ಸರಿಸಿ ಎರಡು ಇಂಚು ಒಳಗೆ ಬೆರಳಿಟ್ಟು ನೋಡಿ, ತೇವವಿದ್ದರೆ ಆ ದಿನ ನೀರು ಬೇಡ. ಮೊಗ್ಗು ಕಾಣಿಸಿದ ಮೇಲೆ ಮಾತ್ರ ಒಂದು ದಿನವೂ ಒಣಗಲು ಬಿಡಬಾರದು.

ಗೊಬ್ಬರದಲ್ಲಿ ಆಗುವ ತಪ್ಪು, ಪ್ರೀತಿ ಹೆಚ್ಚಾಗಿ ಯೂರಿಯಾ ಹಾಕುವುದು. ಅವರೆ ಕುಟುಂಬದ ಗಿಡಗಳಿಗೆ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಅದರ ಮೇಲೆ ಯೂರಿಯಾ ಬಿದ್ದರೆ ಗಿಡ ಎಲೆಯ ಮೇಲೆ ಎಲೆ ಬಿಡುತ್ತದೆಯೇ ಹೊರತು ಹೂವಿನ ಗೊಡವೆಗೇ ಹೋಗುವುದಿಲ್ಲ. ಮುಂಗಾರಿನ ಮೊದಲು ಒಮ್ಮೆ, ಹಿಂಗಾರಿನಲ್ಲಿ ಒಮ್ಮೆ ಎರಡು ಬುಟ್ಟಿ ಕಳಿತ ಗೊಬ್ಬರ ಸಾಕು. ಅಕ್ಟೋಬರ್, ನವೆಂಬರಿನಲ್ಲಿ ತಿಂಗಳಿಗೊಮ್ಮೆ ಸಲ್ಫೇಟ್ ಆಫ್ ಪೊಟ್ಯಾಷ್ ಲೀಟರಿಗೆ ಐದು ಗ್ರಾಂನಂತೆ ಕರಗಿಸಿ ಬಳ್ಳಿಗೆ ಐದು ಲೀಟರ್ ಕೊಡಬಹುದು. ಒಲೆಯ ಬೂದಿಯಲ್ಲೂ ಪೊಟ್ಯಾಷ್ ಇದೆ. ಆದರೆ ಅದು ಕ್ಷಾರ, ಕರಾವಳಿಯ ಹುಳಿ ಮಣ್ಣಿಗೆ ಹೊಂದೀತು, ಎರೆ ಮಣ್ಣಿಗೆ ಬೇಡ.

ಹೂ ಬರುವುದು ಹಳೆ ಕಾಂಡದಲ್ಲಿ

ಈಗ ಕತ್ತರಿಯ ವಿಷಯ. ದಾಸವಾಳ, ಗುಲಾಬಿ, ಮಲ್ಲಿಗೆ ಸಾಕಿದವರ ಕೈಗೆ ಒಂದು ಅಭ್ಯಾಸ ಕೂತಿರುತ್ತದೆ: ಕತ್ತರಿಸಿದರೆ ಹೊಸ ಚಿಗುರು, ಚಿಗುರಿದರೆ ಹೂ. ಆ ಗಿಡಗಳಿಗೆ ಅದು ಸರಿ, ಹೊಸ ಚಿಗುರಿನ ತುದಿಯಲ್ಲೇ ಅವುಗಳ ಹೂ. ಜೇಡ್ ಬಳ್ಳಿಯ ಲೆಕ್ಕ ಹಲಸಿನ ಹಾಗೆ. ಹಲಸು ಕಾಯಿ ಬಿಡುವುದು ಬಲಿತ ಕಾಂಡದಲ್ಲಿ ತಾನೇ? ಜೇಡ್ ಗೊಂಚಲುಗಳೂ ಬಲಿತು ಮರವಾದ ಕಾಂಡದ ಗಿಣ್ಣುಗಳಿಂದ ಇಳಿಯುತ್ತವೆ. ಚಪ್ಪರದ ಕೆಳಗೆ ಎಲೆಯಿಲ್ಲದೆ, ಒಣಗಿದಂತೆ, ನೋಡಲು ಅಸಹ್ಯವಾಗಿ ಜೋತಾಡುವ ಹಗ್ಗದಂಥ ಕಾಂಡವಿದೆಯಲ್ಲ, ಮುಂದಿನ ವರ್ಷದ ಹೂ ಇರುವುದು ಅಲ್ಲಿಯೇ. ದೀಪಾವಳಿಗೆ ಮನೆ ಸುತ್ತ ಚೊಕ್ಕ ಮಾಡುವ ಉತ್ಸಾಹದಲ್ಲಿ ಅದನ್ನು ಕಡಿದರೆ ಎರಡು-ಮೂರು ವರ್ಷ ಹಿಂದಕ್ಕೆ ಹೋದಂತೆ.

ಗೂಟಿ ಗಿಡ ಒಳ್ಳೆಯ ಜಾಗದಲ್ಲಿ ಎರಡರಿಂದ ಮೂರು ವರ್ಷಕ್ಕೆ ಹೂ ಬಿಡಬಲ್ಲದು, ಬೀಜದ ಗಿಡಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ವರ್ಷ ಎಣಿಸುವುದಕ್ಕಿಂತ ಕಾಂಡ ಅಳೆಯುವುದು ನಂಬಿಕೆಯ ದಾರಿ. ಮುಖ್ಯ ಕಾಂಡ ಎರಡು ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಹೆಬ್ಬೆರಳ ದಪ್ಪ ಆಗುವ ತನಕ ಹೂ ನಿರೀಕ್ಷಿಸಬೇಡಿ.

ಹಾಗೆಂದು ಕತ್ತರಿ ಮುಟ್ಟಲೇಬಾರದೆಂದಲ್ಲ. ಹೂ ಮುಗಿದು ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಯ ಸುಮಾರಿಗೆ, ನಿಜವಾಗಿ ಸತ್ತ ಕೊಂಬೆ ತೆಗೆಯಿರಿ. ಸತ್ತಿದೆಯೇ ಎಂದು ತಿಳಿಯಲು ಉಗುರಿನಿಂದ ತೊಗಟೆ ಕೆರೆದು ನೋಡಿ: ಒಳಗೆ ಹಸಿರಿದ್ದರೆ ಜೀವವಿದೆ. ಚಪ್ಪರದ ಮೇಲೆ ಒಂದರ ಮೇಲೊಂದು ಹೊರಳಿ ಬೆಳಕಿಗೆ ಅಡ್ಡವಾದ ಎಳೆ ಬಳ್ಳಿಗಳಲ್ಲಿ ಮೂರರಲ್ಲೊಂದನ್ನು ತೆಗೆಯಬಹುದು, ಅಷ್ಟೇ.

ಕೆಡುವುದು ಎಲ್ಲಿ

ಮಳೆಗಾಲದಲ್ಲಿ ಎಲೆ ಬಾಡಿದರೆ ನೀರು ಸಾಲದೆಂದು ಇನ್ನಷ್ಟು ನೀರು ಹಾಕುವವರಿದ್ದಾರೆ. ಬುಡದ ಮಣ್ಣು ಹಸಿಯಿದ್ದೂ ಎಲೆ ಬಾಡುತ್ತಿದ್ದರೆ ಅದು ಬೇರು ಕೊಳೆಯುತ್ತಿರುವ ಗುರುತು. ಕೊಳೆತ ಬೇರು ನೀರು ಎತ್ತುವುದಿಲ್ಲ, ಆದ್ದರಿಂದ ನೀರಿನ ನಡುವೆಯೇ ಗಿಡಕ್ಕೆ ಬಾಯಾರಿಕೆ. ಬುಡದ ಹೊದಿಕೆ ಸರಿಸಿ, ನೀರು ಹರಿದುಹೋಗಲು ಕಾಲುವೆ ತೆಗೆದು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ ಮೂರು ಗ್ರಾಂನಂತೆ ಕಲಸಿ ಬುಡ ನೆನೆಯುವಷ್ಟು ಸುರಿಯಿರಿ. ಹದಿನೈದು ದಿನಕ್ಕೆ ಇನ್ನೊಮ್ಮೆ.

ಬರುವ ಮುನ್ನ ತಡೆಯುವುದಾದರೆ ಮಲೆನಾಡಿನವರಿಗೆ ಹೊಸದಾಗಿ ಕಲಿಯುವುದೇನಿಲ್ಲ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣವನ್ನೇ ಮಳೆಗೆ ಮೊದಲು ಕಾಂಡದ ಬುಡಕ್ಕೂ ಹೊಡೆದರಾಯಿತು. ಅಡಿಕೆ ಇಲ್ಲದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಹತ್ತು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ಹತ್ತು ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಪಾತ್ರೆ ಪ್ಲಾಸ್ಟಿಕ್‌ನದ್ದಿರಲಿ, ಲೋಹದ್ದು ಬೇಡ. ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿ, ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಮಾಡಿದ ದಿನವೇ ಬಳಸಿ ಮುಗಿಸಬೇಕು.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರದಲ್ಲಿ ಅದು ಬೇರಿಗೆ ಸಿಗುವುದಿಲ್ಲ. ಮಳೆನೀರು ಹಿಡಿದಿಟ್ಟು ಹಾಕುವುದು ನಿಜವಾದ ಮದ್ದು. ತುರ್ತಿಗೆ ಕಬ್ಬಿಣದ ಚೀಲೇಟ್ (ಕ್ಷಾರದಲ್ಲೂ ಗಿಡಕ್ಕೆ ಸಿಗುವ ರೂಪದ ಕಬ್ಬಿಣ) ಲೀಟರಿಗೆ ಒಂದು ಗ್ರಾಂ.

ಗಿಣ್ಣಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟುತಿಗಣೆ. ಅದರ ಮೇಲೆ ಇರುವೆ ಸಾಲು ಇದ್ದೇ ಇರುತ್ತದೆ. ತಿಗಣೆ ಸೂಸುವ ಸಿಹಿರಸಕ್ಕಾಗಿ ಇರುವೆಗಳು ಅವನ್ನು ಹಸು ಸಾಕಿದಂತೆ ಸಾಕುತ್ತವೆ, ಆದ್ದರಿಂದ ಇರುವೆ ದಾರಿ ಕಡಿಯದೆ ತಿಗಣೆ ಹೋಗದು. ಬೇವಿನೆಣ್ಣೆ ಐದು ಮಿಲಿಲೀಟರ್, ದ್ರವ ಸೋಪು ಎರಡು ಮಿಲಿಲೀಟರ್, ಒಂದು ಲೀಟರ್ ನೀರು. ಸಂಜೆ ಬಿಸಿಲಿಳಿದ ಮೇಲೆ ಸಿಂಪಡಿಸಿ. ಹೂ ಇರುವಾಗ ಬೇಡ, ಎಣ್ಣೆ ತಾಗಿದ ದಳ ಕಪ್ಪಾಗುತ್ತದೆ.

ಮೊಗ್ಗು ಬೆರಳುದ್ದವಾಗಿ ಉದುರಿಹೋಗುವುದು ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ. ಮೊದಲ ಸಲ ಹೂ ಬಿಡುವ ಬಳ್ಳಿ ಕೆಲವನ್ನು ತಾನಾಗಿಯೇ ಚೆಲ್ಲುತ್ತದೆ, ಅದಕ್ಕೆ ಚಿಂತೆ ಬೇಡ. ಆಮೇಲಿನ ವರ್ಷಗಳಲ್ಲೂ ಹೀಗಾದರೆ ಎರಡು ದಿನ ನೀರು ತಪ್ಪಿದೆಯೇ, ಒಣಗಾಳಿ ಬೀಸಿದೆಯೇ, ಮೊಗ್ಗಿನ ಹೊತ್ತಿನಲ್ಲಿ ಯಾರಾದರೂ ಗೊಬ್ಬರ ಸುರಿದಿದ್ದಾರೆಯೇ ಎಂದು ನೋಡಿ.

ಗೂಟಿ ಕಟ್ಟುವುದು

ಗಿಡ ಹೆಚ್ಚಿಸಲು ಕಡ್ಡಿಗಿಂತ ಗೂಟಿ ನಂಬಿಕಸ್ಥ. ಜೂನ್-ಜುಲೈನಲ್ಲಿ ಪೆನ್ಸಿಲ್‌ಗಿಂತ ದಪ್ಪದ, ಹೆಬ್ಬೆರಳಿಗಿಂತ ತೆಳ್ಳಗಿನ ಕೊಂಬೆ ಆರಿಸಿ. ಎರಡು ಗಿಣ್ಣುಗಳ ನಡುವೆ ಮೂರು ಸೆಂಟಿಮೀಟರ್ ಅಗಲಕ್ಕೆ ಉಂಗುರದಂತೆ ತೊಗಟೆ ಬಿಡಿಸಿ. ಒಳಗಿನ ಕಾಂಡ ಕೈಗೆ ಜಾರುತ್ತದೆ. ಆ ಲೋಳೆ ಪದರವನ್ನು ಚಾಕುವಿನ ಬೆನ್ನಿನಿಂದ ಕೆರೆದು ಒರೆಸಬೇಕು. ಅದನ್ನು ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಗೂಟಿ ಕೈಕೊಡುವುದು ಬಹುತೇಕ ಇಲ್ಲಿಯೇ. ಬೇರು ಬರಿಸುವ ಪುಡಿಯನ್ನು ಗಾಯದ ಮೇಲಂಚಿಗೆ ಸವರಿ. ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ಹನಿ ತೊಟ್ಟಿಕ್ಕುವುದು ನಿಂತ ಹದಕ್ಕೆ ತಂದು ಎರಡು ಹಿಡಿಯಷ್ಟು ಸುತ್ತ ಮೆತ್ತಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಮೇಲೆ ಒಂದು ಬಟ್ಟೆ, ಬಿಸಿಲು ತಾಗದಂತೆ.

ಎರಡು-ಮೂರು ತಿಂಗಳಿಗೆ ಬಿಳಿ ಬೇರು ಪ್ಲಾಸ್ಟಿಕ್‌ಗೆ ಒತ್ತಿಕೊಂಡು ಕಾಣುತ್ತವೆ. ಕೂಡಲೇ ಕತ್ತರಿಸಬೇಡಿ. ಅವು ಕವಲೊಡೆದು ಕಂದುಬಣ್ಣಕ್ಕೆ ತಿರುಗಲಿ. ಆಮೇಲೆ ಗಂಟಿನ ಕೆಳಗೆ ಕತ್ತರಿಸಿ, ಅರ್ಧದಷ್ಟು ಎಲೆ ತೆಗೆದು, ಚೀಲಕ್ಕೆ ಹಾಕಿ ಒಂದು ತಿಂಗಳು ನೆರಳಿನಲ್ಲಿಡಿ.

ಕಾಯಿ ಕಚ್ಚುವುದು ಏಕೆ ಅಪರೂಪ

ಫಿಲಿಪೀನ್ಸಿನಲ್ಲಿ ಈ ಹೂವಿನ ಪರಾಗ ಸಾಗಿಸುವುದು ಬಾವಲಿ. ಗೊಂಚಲಿಗೆ ತಲೆಕೆಳಗಾಗಿ ಜೋತು ಮಕರಂದ ಹೀರಲು ಮೂತಿ ತೂರಿಸಿದಾಗ ಹೂವಿನ ಕೊಕ್ಕಿನಿಂದ ಪರಾಗ ಹೊರಬಂದು ಅದರ ತಲೆಗೆ ಮೆತ್ತಿಕೊಳ್ಳುತ್ತದೆ. ಮುಂದಿನ ಹೂವಿಗೆ ಹೋದಾಗ ಅಲ್ಲಿ ಉಜ್ಜಿಕೊಳ್ಳುತ್ತದೆ. ಬೆಳೆಸಿದ ತೋಟದಲ್ಲಿ ಆ ಕೆಲಸ ಮಾಡುವವರಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು 1995ರಲ್ಲಿ ಗಾಜಿನ ಮನೆಯೊಳಗೆ ಬಾವಲಿಯ ಕೆಲಸವನ್ನು ತಾವೇ ಮಾಡಿ ಕಾಯಿ ಪಡೆದರು.

ಮನೆಯಲ್ಲೂ ಮಾಡಿ ನೋಡಬಹುದು. ಆ ದಿನ ಅರಳಿದ ಹೂವಿನ ಕೊಕ್ಕಿನಂಥ ದಳವನ್ನು ಎರಡು ಬೆರಳಿನಲ್ಲಿ ಹಿಡಿದು ಬುಡದ ಕಡೆಗೆ ಒತ್ತಿ. ತುದಿಯ ಸೀಳಿನಿಂದ ಪರಾಗದ ಎಳೆಗಳೂ ಅವುಗಳ ನಡುವೆ ಹೆಣ್ಣುಭಾಗದ ಚೂಪು ತುದಿಯೂ ಹೊರಬರುತ್ತವೆ. ಸಣ್ಣ ಕುಂಚದಿಂದ ಪರಾಗ ತೆಗೆದು ಇನ್ನೊಂದು ಹೂವಿನ ಆ ತುದಿಗೆ ಸವರುವುದಲ್ಲ, ಉಜ್ಜಬೇಕು. ಒಂದೇ ತಾಯಿಬಳ್ಳಿಯಿಂದ ಗೂಟಿ ಮಾಡಿದ ಗಿಡಗಳೆಲ್ಲ ವಂಶದ ಲೆಕ್ಕದಲ್ಲಿ ಒಂದೇ ಗಿಡ, ಆದ್ದರಿಂದ ಬೇರೆ ಮೂಲದ ಬಳ್ಳಿಯ ಪರಾ‌ಗ ಸಿಕ್ಕರೆ ಫಲ ಹೆಚ್ಚು. ಗೊಂಚಲಿನ ಮೇಲ್ಭಾಗದ, ದಪ್ಪ ತೊಟ್ಟಿನ ಹೂಗಳನ್ನೇ ಆರಿಸಿ. ಕಾಯಿ 15 ಸೆಂಟಿಮೀಟರ್ ತನಕ ಬೆಳೆದು ಭಾರವಾಗುತ್ತದೆ, ತುದಿಯ ತೊಟ್ಟು ತಾಳದು. ಬಳ್ಳಿಗೆ ಒಂದೆರಡು ಕಾಯಿ ಸಾಕು. ಅವನ್ನೂ ಬಟ್ಟೆಯ ಜೋಳಿಗೆಯಲ್ಲಿಟ್ಟು ಚಪ್ಪರಕ್ಕೆ ಕಟ್ಟಿ.

ಒಂದು ಕಾಯಿಯಲ್ಲಿ ಹನ್ನೆರಡರ ತನಕ ಬೀಜ. ಬಿಡಿಸಿದ ದಿನವೇ ಒದ್ದೆ ನಾರಿನ ಪುಡಿಯಲ್ಲಿ, ಬೀಜ ಅರ್ಧ ಮುಳುಗಿ ಅರ್ಧ ಕಾಣುವಂತೆ ಒತ್ತಿಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ. ಹತ್ತು ದಿನದ ಸುಮಾರಿಗೆ ಮೊಳಕೆ ಕಾಣುತ್ತದೆ.